ಸುಗುಣಾ ಬ್ಲೋವರ್ ಕೊಂಡ ವರ್ಷ

ಕ್ಯಾಲಿಫೋರ್ನಿಯಾದ ನೆವಾರ್ಕಿನ ಸುಗುಣಾ ಪ್ರಭುವಿಗೆ ಚಳಿ ಎಂದರೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಮೂಲ್ಕಿಯಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಬೇ ಏರಿಯಾಕ್ಕೆ ಬಂದು ಕಾಲು ಶತಮಾನ ಕಳೆದಿದ್ದರೂ ಹಿಮವನ್ನು ಕೈಯಲ್ಲಿ ಮುಟ್ಟಿದ್ದು ಒಂದೇ ಸಲ, ಮಗಳು ದೀಪ್ತಿ ಚಿಕ್ಕವಳಿದ್ದಾಗ. ಅಂಥವಳು ಅಕ್ಟೋಬರಿನ ಒಂದು ಶನಿವಾರ ಲಿವರ್‌ಮೋರಿನ ಟ್ರ್ಯಾಕ್ಟರ್ ಅಂಗಡಿಯ ಅಂಗಳದಲ್ಲಿ ನಿಂತು, ಸಣ್ಣ ಟ್ರ್ಯಾಕ್ಟರಿಗೆ ಹೊಂದುವ ಹಿಮ ತೆಗೆಯುವ ಯಂತ್ರ ಯಾವುದು ಎಂದು ವಿಚಾರಿಸುತ್ತಿದ್ದಳು. ಮೇಲೆ ಸುಡುವ ಬಿಸಿಲು. ಸುತ್ತಲಿನ ಗುಡ್ಡಗಳೆಲ್ಲ ಒಣಗಿ ಕಂದುಬಣ್ಣಕ್ಕೆ ತಿರುಗಿದ್ದವು. ಆಕೆಯಿಂದ ನಾಲ್ಕು ಮಾರು ದೂರದಲ್ಲಿ, ಬಂದ ತಪ್ಪಿಗೆ ನಿಂತವನ ಹಾಗೆ, ಮಧ್ವೇಶ ನಿಂತಿದ್ದ.

ಮಧ್ವೇಶ ಸುಗುಣಾಳ ಗಂಡ ಗುರುದತ್ತನ ಗೆಳೆಯ. ಸುರತ್ಕಲ್ಲಿನ ಹಾಸ್ಟೆಲಿನಲ್ಲಿ ಗುರುದತ್ತನಿಗಿಂತ ಒಂದು ತರಗತಿ ಕೆಳಗಿದ್ದವನು. ಇವರ ಮನೆಮಾತು ಕೊಂಕಣಿ, ಅವನದು ತುಳು. ಹಾಗಾಗಿ ಮೂವರೂ ಸೇರಿದರೆ ಮಾತು ಕನ್ನಡದಲ್ಲಿ. ವಯಸ್ಸಿನಲ್ಲಿ ಕಿರಿಯನಾದರೂ ಯಾವ ವಿಷಯಕ್ಕಾದರೂ ಕೊನೆಯ ಮಾತು ಮಧ್ವೇಶನದೇ. ಯಾವ ಕಾರು, ಯಾವ ಸ್ಕೂಲು, ಎಲ್ಲಿ ಮನೆ ಎಂದೆಲ್ಲ ಅವನು ಜೋರಾಗಿ ಹೇಳುತ್ತಿದ್ದ, ಗುರುದತ್ತ ಎರಡು ಸಲ "ಆದ್ರೆ..." ಎಂದು ತಡೆದು, ಮೂರನೆಯ ಸಲಕ್ಕೆ "ಸರಿ ಮಾರಾಯ, ನೀನು ಹೇಳಿದ ಹಾಗೆ" ಎಂದುಬಿಡುತ್ತಿದ್ದ. ಆರ್ನಾಲ್ಡ್ ಊರಿನ ಮೇಲೆ, ಸಿಯೆರಾ ಬೆಟ್ಟದಲ್ಲಿ, ಇಬ್ಬರೂ ಸೇರಿ ಕಾಡಿನ ನಡುವಿನ ಒಂದು ಹಳೆಯ ಮರದ ಮನೆ, ಕ್ಯಾಬಿನ್, ಕೊಂಡದ್ದೂ ಹಾಗೆಯೇ. ಕ್ಯಾಬಿನ್ನಿನ ಜೊತೆಗೆ ಮೊದಲಿನ ಮಾಲೀಕ ಬಿಟ್ಟುಹೋದ ಒಂದು ಸಣ್ಣ ಟ್ರ್ಯಾಕ್ಟರೂ ಬಂತು.

ಸುಗುಣಾ ಮನೆಯಲ್ಲೇ ಡೇಕೇರ್ ನಡೆಸುತ್ತಿದ್ದಳು. ಫ್ರೀಮಾಂಟ್, ನೆವಾರ್ಕಿನ ಎಂಜಿನಿಯರುಗಳ ಮಕ್ಕಳು ಬೆಳಿಗ್ಗೆ ಕಣ್ಣುಜ್ಜಿಕೊಳ್ಳುತ್ತ ಬಂದು ಆಕೆಯ ಕಂಕುಳಲ್ಲಿ ಕೂರುತ್ತಿದ್ದವು. ಒಂದನ್ನು ಎತ್ತಿ ಒಂದನ್ನು ಇಳಿಸಿ, ವರ್ಷಗಟ್ಟಲೆ ಅದನ್ನೇ ಮಾಡಿ, ಆಕೆಯ ಕುತ್ತಿಗೆ ಹಾಳಾಗಿತ್ತು. ಗುರುದತ್ತ ಕಾರಿನ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದ. ಐವತ್ತೆಂಟಕ್ಕೆ ಕೆಲಸ ಹೋಯಿತು. ಹೊಸದು ಸಿಗಲಿಲ್ಲ, ಹುಡುಕುವ ಹುರುಪೂ ಅವನಲ್ಲಿ ಉಳಿದಿರಲಿಲ್ಲ. ಮಕ್ಕಳ ಗಲಾಟೆಯ ನಡುವೆ ಹಗಲೆಲ್ಲ ಮನೆಯಲ್ಲಿ ಕೂತಿರಲು ನಾಚಿಕೆಯಾಗಿ ಕ್ಯಾಬಿನ್ನಿಗೆ ಹೋಗಿ ಇರತೊಡಗಿದ. ಮೊದಲು ವಾರಕ್ಕೆರಡು ದಿನ, ಆಮೇಲೆ ವಾರವಿಡೀ.

ಕ್ಯಾಬಿನ್ನಿಗೆ ಹೋಗುವ ರಸ್ತೆ ಖಾಸಗಿಯದು. ಹೈವೇ ಬಿಟ್ಟು ಬೆಟ್ಟದ ಪಕ್ಕೆಯಲ್ಲಿ ಮೇಲೇರಿ, ನಡುವೆ ಒಂದು ಕಡೆ ದೊಡ್ಡ ತಿರುವು ತೆಗೆದುಕೊಳ್ಳುತ್ತದೆ. ಒಂದು ಕಡೆ ಕಡಿದ ಗುಡ್ಡ, ಇನ್ನೊಂದು ಕಡೆ ಇಳಿಜಾರು. ಅಲ್ಲಿ ಬಿದ್ದ ಹಿಮವನ್ನು ಸರಕಾರದವರು ತೆಗೆಯುವುದಿಲ್ಲ. ಮೊದಲ ಚಳಿಗಾಲಕ್ಕೆ ಮುಂಚೆ ಹಿಮ ತೆಗೆಯಲು ಟ್ರ್ಯಾಕ್ಟರಿಗೆ ಏನು ಹಾಕಬೇಕೆಂದು ಗೆಳೆಯರಿಬ್ಬರಲ್ಲೂ ಮಾತಾಗಿತ್ತು. ಊಟ ಬಡಿಸುತ್ತಿದ್ದ ಸುಗುಣಾ ಅದನ್ನು ಕೇಳಿಸಿಕೊಂಡಿದ್ದಳು.

"ಬ್ಲೋವರ್ ಹಾಕುವ ಅಂತ ನಂಗೆ. ಅದು ಹಿಮವನ್ನು ಎತ್ತಿ ದೂರ ಎಸೀತದೆ," ಎಂದಿದ್ದ ಗುರುದತ್ತ.

"ಎಂತಕ್ಕೆ ಮಾರಾಯ ಅದು? ಒಂದು ಕಲ್ಲು ಸಿಕ್ಕಿದ್ರೆ ಪಿನ್ನು ತುಂಡಾಗ್ತದೆ. ಅಲ್ಲಿ ಹೋಗಿ ರಿಪೇರಿ ಯಾರು ಮಾಡುದು? ಮುಂದೆ ಒಂದು ಬ್ಲೇಡು ಕಟ್ಟು, ತಳ್ಳು, ಮುಗೀತು."

"ಆದ್ರೆ ಜಾಸ್ತಿ ಬಿದ್ರೆ..."

"ಕ್ಯಾಲಿಫೋರ್ನಿಯಾದಲ್ಲಿ ಎಷ್ಟು ಬೀಳ್ತದೆ ಮಾರಾಯ!"

ಬ್ಲೇಡು ಬಂತು.

ಆದರೆ ಎರಡು ಸಾವಿರದ ಇಪ್ಪತ್ಮೂರರ ಆ ಚಳಿಗಾಲ ಯಾರ ಲೆಕ್ಕಕ್ಕೂ ಸಿಗದಂತೆ ಸುರಿಯಿತು. ಜನವರಿಯಲ್ಲಿ ಬ್ಲೇಡು ಚೆನ್ನಾಗಿಯೇ ತಳ್ಳಿತು. ತಳ್ಳಿದ ಹಿಮ ಎರಡೂ ಬದಿಗೆ ಗೋಡೆಯಾಗಿ ನಿಂತು ಹೆಪ್ಪುಗಟ್ಟಿತು. ಅದರ ಮೇಲೆ ಮತ್ತೆ ಬಿತ್ತು, ಗುರುದತ್ತ ಮತ್ತೆ ತಳ್ಳಿದ. ಫೆಬ್ರವರಿ ಮುಗಿಯುವ ಹೊತ್ತಿಗೆ ತಳ್ಳಲು ಜಾಗವೇ ಇರಲಿಲ್ಲ. ಎರಡು ಗೋಡೆಗಳೂ ಹತ್ತಿರ ಬಂದು ರಸ್ತೆ ಸಪೂರವಾಗಿತ್ತು. ಮನೆ ಬೆಚ್ಚಗಿಡುವ ಗ್ಯಾಸು ಮುಗಿಯುತ್ತ ಬಂದಿತ್ತು. ಗ್ಯಾಸಿನ ಲಾರಿ ತಿರುವಿನಲ್ಲಿ ದಾಟುವಷ್ಟು ಜಾಗ ಮಾಡಬೇಕೆಂದು ಗುರುದತ್ತ ಸಲಿಕೆ ಹಿಡಿದು ಆ ಕಲ್ಲಿನಂಥ ಗೋಡೆಯನ್ನು ಕಡಿಯಲು ಹೋದ. ಮರುದಿನ ಬಂದ ಲಾರಿಯವನು, ಗಾಡಿ ಒಳಗೆ ಹೋಗದೆ, ನಡೆದುಕೊಂಡು ಮೇಲೆ ಹತ್ತುವಾಗ ತಿರುವಿನಲ್ಲಿ ಬಿದ್ದಿದ್ದವನನ್ನು ಕಂಡ. ಹೃದಯ ನಿಂತಿತ್ತು ಎಂದರು ಡಾಕ್ಟರು. ಫೋನು ಬಂದಾಗ ಸುಗುಣಾ ಮಕ್ಕಳಿಗೆ ಮೊಸರನ್ನ ತಿನ್ನಿಸುತ್ತಿದ್ದಳು.

ಹನ್ನೊಂದನೆಯ ದಿನದ ಕಾರ್ಯ ಮುಗಿಯುವ ತನಕ ಮಧ್ವೇಶ ಎಲ್ಲಕ್ಕೂ ಓಡಾಡಿದ. ಆಮೇಲೆ ಕಾಣಿಸಿಕೊಳ್ಳಲಿಲ್ಲ. ಆಕೆಯೂ ಕರೆಯಲಿಲ್ಲ.

ಕ್ಯಾಬಿನ್ ಮಾರಿಬಿಡು ಎಂದೇ ಎಲ್ಲರೂ ಹೇಳಿದರು. ಪಾಲೋ ಆಲ್ಟೋದಲ್ಲಿ ಕೆಲಸಕ್ಕಿದ್ದ ದೀಪ್ತಿ ವಾರವಾರವೂ ಹೇಳಿದಳು. "ಅಮ್ಮ, ಜಸ್ಟ್ ಸೆಲ್ ಇಟ್. ಯು ಹೇಟ್ ದ ಕೋಲ್ಡ್."

"ಮಾರುವಾ. ಒಂದು ಸಲ ಚಳಿಗಾಲದಲ್ಲಿ ಹೋಗಿ ಬರ್ತೇನೆ, ಆಮೇಲೆ ಮಾರುವಾ."

"ಇನ್ ವಿಂಟರ್? ವೈ?"

ಊಟವಾಯಿತೇ ಎಂದು ಸುಗುಣಾ ಮಾತು ಬದಲಿಸಿದಳು. ಗಂಡ ಅಲ್ಲಿದ್ದ ಅಷ್ಟೂ ತಿಂಗಳು ಆಕೆ ಡೇಕೇರ್ ಬಿಟ್ಟು ಹೋಗಿರಲಿಲ್ಲ. ಪ್ರತಿ ಸಂಜೆ ಫೋನಿನಲ್ಲಿ ಅವನು ಹಿಮದ ವಿಷಯ ಹೇಳುತ್ತಿದ್ದ. ಆಕೆ ಪಾತ್ರೆ ತೊಳೆಯುತ್ತ ಹೂಂಗುಟ್ಟುತ್ತಿದ್ದಳು. ಅವನು ತೀರಿಕೊಂಡ ಮೇಲೆ ಜಾಗ ನೋಡಲು ಹೋದದ್ದು ಬೇಸಿಗೆಯಲ್ಲಿ. ತಿರುವಿನಲ್ಲಿ ಒಣ ಮಣ್ಣು, ಪೈನ್ ಮರದ ಸೂಜಿಯೆಲೆ, ಅಷ್ಟೆ. ಮನುಷ್ಯ ಸತ್ತ ಜಾಗ ಇದಲ್ಲ ಅನ್ನಿಸಿ ವಾಪಸು ಬಂದಿದ್ದಳು. ಅವನು ಕಂಡದ್ದನ್ನು ಒಮ್ಮೆ ಕಣ್ಣಾರೆ ಕಾಣಬೇಕು ಎಂಬುದೊಂದೇ ಆಕೆಗಿದ್ದ ಹಟ. ಅದಕ್ಕೆ ರಸ್ತೆ ಬಿಡಿಸಬೇಕು. ಟ್ರ್ಯಾಕ್ಟರಿನಲ್ಲಿ ಅರ್ಧ ಪಾಲು ಮಧ್ವೇಶನದಾದ್ದರಿಂದ ಅವನಿಗೆ ಫೋನು ಮಾಡಲೇಬೇಕಾಯಿತು.

ಅಂಗಡಿಯ ಎರ್ನೆಸ್ಟೋ ನಿಧಾನದ ಮನುಷ್ಯ. ಟ್ರ್ಯಾಕ್ಟರಿನ ಫೋಟೋ ನೋಡಿದ, ಇಂಜಿನ್ನಿನ ಶಕ್ತಿ ಎಷ್ಟು ಎಂದು ಕೇಳಿದ, ರಸ್ತೆಯ ಏರು ಎಷ್ಟೆಂದು ಕೇಳಿದ. ಆಮೇಲೆ ಕೇಳಿದ: "ತೆಗೆದ ಹಿಮವನ್ನು ಎಲ್ಲಿ ಹಾಕುತ್ತೀರಿ?"

ಸುಗುಣಾ ಮಧ್ವೇಶನತ್ತ ತಿರುಗಿದಳು. ಅವನು ತನ್ನ ಬೂಟುಗಳನ್ನು ನೋಡುತ್ತಿದ್ದ.

"ಒಂದು ಕಡೆ ಗುಡ್ಡ," ಎಂದಳು ಆಕೆಯೇ. "ಇನ್ನೊಂದು ಕಡೆ ಇಳಿಜಾರು. ರಸ್ತೆಯ ಬದಿಯಲ್ಲಿ ಜಾಗ ಇಲ್ಲ."

"ಹಾಗಾದರೆ ಬ್ಲೇಡು ಪ್ರಯೋಜನವಿಲ್ಲ. ಎರಡು ಸಲ ಜೋರಾಗಿ ಹಿಮ ಬಿದ್ದರೆ ಸಿಕ್ಕಿಕೊಳ್ಳುತ್ತೀರಿ. ಬ್ಲೋವರೇ ಬೇಕು, ಇಳಿಜಾರಿಗೆ ಎಸೆಯುವ ಹಾಗೆ."

ಅವನು ಮಾತು ಮುಗಿಸುವ ಮೊದಲೇ ಮಧ್ವೇಶ ಹಿಂದೆ ಸರಿದು, ಸಾಲಾಗಿ ನಿಲ್ಲಿಸಿದ್ದ ಹುಲ್ಲು ಕತ್ತರಿಸುವ ಗಾಡಿಗಳ ನಡುವೆ ನಡೆದುಹೋದ. ಎರ್ನೆಸ್ಟೋ ಏನಾಯಿತೆಂದು ತಿಳಿಯದೆ ಆಕೆಯನ್ನು ನೋಡಿದ. "ನೀವು ಹೇಳಿ," ಎಂದಳು ಸುಗುಣಾ.

ಬ್ಲೋವರಿನಲ್ಲೂ ಬಗೆಗಳಿದ್ದವು. ಟ್ರ್ಯಾಕ್ಟರಿನ ಮುಂದೆ ಕಟ್ಟುವಂಥದು ಓಡಿಸಲು ಸುಲಭ. ಆದರೆ ಇಂಜಿನ್ನಿನ ಬಲದಿಂದ ಅದನ್ನು ತಿರುಗಿಸುವ ವ್ಯವಸ್ಥೆ ಅವರ ಹಳೆಯ ಗಾಡಿಯಲ್ಲಿ ಇರಲಿಲ್ಲ. ಹಿಂದೆ ಕಟ್ಟಿ ಮುಂದಕ್ಕೆ ಎಳೆದುಕೊಂಡು ಹೋಗುವ ಇನ್ನೊಂದಿತ್ತು. ಅದರಲ್ಲಿ ಚಕ್ರಗಳು ಮೊದಲು ಹಿಮದ ಮೇಲೆ ಹತ್ತಬೇಕು, ಮೊಣಕಾಲುದ್ದ ಬಿದ್ದರೆ ಗಾಡಿ ಅಲ್ಲೇ ಹೂತುಹೋಗುತ್ತದೆ. ಉಳಿದದ್ದು ಒಂದೇ, ಹಿಂದೆ ಕಟ್ಟಿ ರಿವರ್ಸಿನಲ್ಲೇ ನಡೆಸುವಂಥದು. ಅಗಲವೂ ತೀರಾ ದೊಡ್ಡದು ಬೇಡ, ಇಂಜಿನ್ನು ಉಸಿರು ಕಟ್ಟುತ್ತದೆ. ಸಿಯೆರಾದ ಹಿಮ ಒದ್ದೆ, ಸಿಮೆಂಟಿನ ಹಾಗೆ. ಚಕ್ರಗಳಿಗೆ ಸರಪಳಿ ಹಾಕಲೇಬೇಕು. ಇಷ್ಟನ್ನು ಹೇಳಿ ಎರ್ನೆಸ್ಟೋ ಅಂಗಳದಲ್ಲಿದ್ದ ಒಂದು ಟ್ರ್ಯಾಕ್ಟರು ತೋರಿಸಿ, "ಹತ್ತಿ ನೋಡಿ. ಉದ್ದಕ್ಕೂ ಹಿಂದೆ ತಿರುಗಿ ನೋಡುತ್ತಲೇ ಇರಬೇಕಾಗುತ್ತದೆ," ಎಂದ.

ಸುಗುಣಾ ಹತ್ತಿ ಕೂತಳು. ಬಲಭುಜದ ಮೇಲಿಂದ ಹಿಂದಕ್ಕೆ ತಿರುಗಿದಳು. ಕುತ್ತಿಗೆಯಿಂದ ಹೊರಟ ನೋವು ಬೆರಳ ತುದಿಯವರೆಗೆ ಹರಿಯಿತು. ಹಲ್ಲು ಕಚ್ಚಿ ಇನ್ನಷ್ಟು ತಿರುಗಿದಳು. ಯಂತ್ರದ ಒಂದು ಅಂಚು ಮಾತ್ರ ಕಂಡಿತು. ಕನ್ನಡಿ ಹಾಕಿಕೊಳ್ಳಬಹುದೇ ಎಂದಳು. ಹಾರುವ ಹಿಮದಲ್ಲಿ ಕನ್ನಡಿ ಏನೂ ತೋರಿಸುವುದಿಲ್ಲ ಎಂದ ಅವನು. ಆಕೆ ಇಳಿಯಲಿಲ್ಲ. ಸ್ಟಿಯರಿಂಗ್ ಹಿಡಿದು ಸುಮ್ಮನೆ ಕೂತೇ ಇದ್ದಳು. ತನ್ನ ಕೈಯಲ್ಲಿ ಆಗದ್ದು ಇದೊಂದು. ಆಗುವವನು ಯಾರೋ ಅವನ ಮುಖ ನೋಡಲು ತನಗೆ ಮನಸ್ಸಿಲ್ಲ.

"ನಾನು ಓಡಿಸ್ತೇನೆ ಅತ್ತಿಗೆ." ಮಧ್ವೇಶ ಯಾವಾಗಲೋ ಹತ್ತಿರ ಬಂದು ನಿಂತಿದ್ದ.

ಬೇಡ ಎನ್ನಬೇಕೆಂದುಕೊಂಡಳು. "ಸರಿ," ಎಂದಳು.

ನವೆಂಬರಿನಲ್ಲಿ ಬ್ಲೋವರ್ ಬಂತು. ಟ್ರ್ಯಾಕ್ಟರನ್ನು ಕೆಳಗೆ, ರಸ್ತೆ ಶುರುವಾಗುವಲ್ಲಿನ ಶೆಡ್ಡಿಗೆ ತಂದು ಅದಕ್ಕೆ ಜೋಡಿಸಿಟ್ಟರು. ಹಿಮ ಬರಲಿಲ್ಲ. ಡಿಸೆಂಬರು ಹೋಯಿತು, ಜನವರಿಯಲ್ಲಿ ಬಿದ್ದದ್ದು ಮಧ್ಯಾಹ್ನದೊಳಗೆ ಕರಗಿತು. ಸುಗುಣಾ ಮಕ್ಕಳನ್ನು ಮಲಗಿಸಿ ಫೋನಿನಲ್ಲಿ ಬೆಟ್ಟದ ಹವಾಮಾನ ನೋಡುತ್ತ ಕೂರುತ್ತಿದ್ದಳು. ಹಿಮ ಬೀಳಲಿ ಎಂದು ಬಯಸುವುದು ಒಂದು ಪಾಪವೇನೋ ಅನ್ನಿಸುತ್ತಿತ್ತು, ಆದರೂ ಬಯಸುತ್ತಿದ್ದಳು. ಮಾರ್ಚಿನ ಮೊದಲಲ್ಲಿ ದೊಡ್ಡ ಬಿರುಗಾಳಿ ಬಂದು ಮೂರು ದಿನ ಒಂದೇ ಸಮನೆ ಹಿಮ ಸುರಿಯಿತು. ಹೈವೇ ತೆರೆದ ಕೂಡಲೇ ಇಬ್ಬರೂ ಹೊರಟರು. ದಾರಿಯುದ್ದಕ್ಕೂ ಟಯರು, ಪೆಟ್ರೋಲು, ಕೈಗವಸುಗಳ ಬಗ್ಗೆ ಬಿಟ್ಟು ಬೇರೆ ಮಾತಿಲ್ಲ.

ಮಧ್ವೇಶ ಟ್ರ್ಯಾಕ್ಟರು ಶುರುಮಾಡಿ, ಹಿಂದುಮುಂದಾಗಿ ರಸ್ತೆ ಏರತೊಡಗಿದ. ಬ್ಲೋವರ್ ಗರ್ಜಿಸುತ್ತ ಹಿಮವನ್ನು ಅಗೆದು ಇಳಿಜಾರಿನತ್ತ ಎಸೆಯಿತು. ಬಿಡಿಸಿದ ದಾರಿಯಲ್ಲಿ ಸುಗುಣಾ ಹಿಂಬಾಲಿಸಿದಳು. ಟ್ರ್ಯಾಕ್ಟರಿನ ಮೂತಿ ಆಕೆಯ ಕಡೆಗೇ ಇತ್ತು, ಓಡಿಸುವವನ ಎದೆಯೂ ಆಕೆಯ ಕಡೆಗಿತ್ತು, ಮುಖ ಮಾತ್ರ ಅತ್ತ. ಗಂಟೆಗಟ್ಟಲೆ ಅವನು ಹಾಗೆಯೇ ಕತ್ತು ತಿರುಚಿಕೊಂಡಿದ್ದ. ಒಂದೆರಡು ಕಡೆ ಒದ್ದೆ ಹಿಮ ಬ್ಲೋವರಿನ ಎಸೆಯುವ ಕೊಳವೆಯಲ್ಲಿ ಕಟ್ಟಿಕೊಂಡಿತು. ಇಂಜಿನ್ನು ನಿಲ್ಲಿಸಿ ಕೋಲಿನಿಂದ ಕುತ್ತಿ ತೆಗೆದ. ಅಂತೂ ತಿರುವಿಗೆ ಬಂದಾಗ ಮತ್ತೆ ನಿಲ್ಲಿಸಿದ. ಈ ಸಲ ಕೊಳವೆಯಲ್ಲಿ ಏನೂ ಕಟ್ಟಿಕೊಂಡಿರಲಿಲ್ಲ.

ಸದ್ದು ಅಡಗಿದ ಮೇಲೆ ಕಾಡು ಎಷ್ಟು ಮೌನವಾಗಿದೆಯೆಂದು ಗೊತ್ತಾಯಿತು. ಮಧ್ವೇಶ ಕೆಳಗಿಳಿಯಲಿಲ್ಲ.

"ಮುಂದೆ ಆಗುದಿಲ್ಲ ಅತ್ತಿಗೆ ನನ್ನಿಂದ."

ಸುಗುಣಾ ಟ್ರ್ಯಾಕ್ಟರಿನ ಪಕ್ಕಕ್ಕೆ ಬಂದು ನಿಂತಳು. "ಅವರು ಬ್ಲೋವರ್ ಹೇಳಿದ್ರು. ನೀವು ಬೇಡ ಹೇಳಿದ್ರಿ. ನಾನು ಅಲ್ಲೇ ಇದ್ದೆ."

"ಹೌದು."

"ಒಂದು ವರ್ಷದಿಂದ ನಿಮ್ಮ ಮೇಲೆ ಸಿಟ್ಟು ಮಾಡ್ಕೊಂಡೇ ಏಳ್ತೇನೆ ಬೆಳಿಗ್ಗೆ. ಅದು ಹೋಗ್ತದೆ ಅಂತ ನಂಗೆ ಕಾಣೂದಿಲ್ಲ."

"ಹೋಗೂದು ಬೇಡ," ಎಂದ ಮಧ್ವೇಶ. "ಆವತ್ತು ಅವ ನಂಗೂ ಫೋನ್ ಮಾಡಿದ್ದ. ಬ್ಲೇಡು ಕೆಲಸ ಮಾಡುದಿಲ್ಲ, ಬಾ, ಇಬ್ಬರೂ ಸೇರಿ ಕಡಿಯುವಾ ಅಂದ. ಮೀಟಿಂಗು ಉಂಟು, ಶನಿವಾರ ಬರ್ತೇನೆ ಅಂದೆ."

ಇದು ಸುಗುಣಾಳಿಗೆ ಗೊತ್ತಿರಲಿಲ್ಲ. ಕೇಳಿದ ಮೇಲೆ ಸಿಟ್ಟು ಹೆಚ್ಚಾಗಬೇಕಿತ್ತು. ಅದರ ಬದಲು, ಗಂಡ ತನಗೆ ಮಾಡಿದ ಕೊನೆಯ ಫೋನು ನೆನಪಾಯಿತು. ತಾನು ಆ ಸಂಜೆ ಯಾವುದೋ ಮಗುವಿನ ಜ್ವರದ ಗಡಿಬಿಡಿಯಲ್ಲಿ, ಆಮೇಲೆ ಮಾತಾಡ್ತೇನೆ ಎಂದು ಇಟ್ಟುಬಿಟ್ಟದ್ದು. ಅದನ್ನು ಆಕೆ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಮಧ್ವೇಶನಿಗೆ ಸಮಾಧಾನವಾಗುತ್ತಿತ್ತು. ಅಷ್ಟು ಸಮಾಧಾನ ಕೊಡುವ ಮನಸ್ಸು ಆಕೆಗಿರಲಿಲ್ಲ.

"ಇಂಜಿನ್ ಶುರುಮಾಡಿ," ಎಂದಳು. "ಕತ್ತಲೆಯಾಗುವ ಮೊದಲು ಕೆಳಗಿಳೀಬೇಕು."

ಅವನು ಶುರುಮಾಡಿದ. ತಿರುವನ್ನು ದಾಟುವಾಗ ಗಾಡಿ ತೀರಾ ನಿಧಾನವಾಯಿತು, ನಿಲ್ಲಲಿಲ್ಲ.

ಸುಗುಣಾ ತಿರುವಿನಲ್ಲೇ ಉಳಿದಳು. ಸುತ್ತಲೂ ಬಿಳಿ, ಮೇಲೆ ಬೂದು ಆಕಾಶ. ಗಂಡ ಫೋನಿನಲ್ಲಿ ಹೇಳುತ್ತಿದ್ದದ್ದನ್ನು ನೆನಪಿಸಿಕೊಳ್ಳಲು ನೋಡಿದಳು. ಹೂಂಗುಟ್ಟಿದ್ದು ಬಿಟ್ಟರೆ ಒಂದು ಮಾತೂ ನೆನಪಿಗೆ ಬರಲಿಲ್ಲ. ಕೈಗವಸು ಕಳಚಿ ಬದಿಯ ಹಿಮಕ್ಕೆ ಅಂಗೈ ಒತ್ತಿ ನಿಂತಳು. ಕೈ ಮರಗಟ್ಟಿತು. ಆಮೇಲೆ ಅಳು ಬಂತು. ಮೇಲೆ ಯಂತ್ರದ ಸದ್ದು ಜೋರಾಗಿದ್ದರಿಂದ ಬಾಯಿ ಮುಚ್ಚಿಕೊಳ್ಳಬೇಕಾಗಲಿಲ್ಲ.

ಕ್ಯಾಬಿನ್ನಿನೊಳಗೆ ಮಧ್ವೇಶ ಕಾಲಿಡಲಿಲ್ಲ. ತಂದಿದ್ದ ಚಪಾತಿಯನ್ನು ಮೆಟ್ಟಿಲ ಮೇಲೆ ನಿಂತೇ ತಿಂದ. ಕುತ್ತಿಗೆ ಉಳುಕಿ ತಲೆ ಒಂದು ಕಡೆಗೆ ವಾಲಿತ್ತು. ಸುಗುಣಾ ಚೀಲದಿಂದ ತನ್ನ ಮುಲಾಮಿನ ಡಬ್ಬಿ ತೆಗೆದು ಅವನ ಪಕ್ಕದ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ಆ ಬೇಸಿಗೆಯಲ್ಲಿ ಕ್ಯಾಬಿನ್ ಮಾರಿದರು. ಟ್ರ್ಯಾಕ್ಟರು, ಬ್ಲೋವರ್ ಎರಡೂ ಮನೆಯ ಜೊತೆಗೇ ಹೋದವು. ಹಿಮ ಕಂಡು ಬಂದರೆ ಮನಸ್ಸು ಹಗುರಾದೀತು ಎಂದುಕೊಂಡಿದ್ದಳು ಸುಗುಣಾ, ಹಾಗೇನೂ ಆಗಲಿಲ್ಲ. ಮಾರಾಟದ ಪತ್ರಕ್ಕೆ ರುಜು ಹಾಕಿದ ದಿನ ಆಫೀಸಿನ ಹೊರಗೆ ಮಧ್ವೇಶ, "ಬರ್ತೇನೆ ಅತ್ತಿಗೆ," ಎಂದ. "ಆಯ್ತು," ಎಂದಳು. ಊಟಕ್ಕೆ ಬನ್ನಿ ಎಂದು ಕರೆಯುವುದೋ ಬೇಡವೋ ಎಂದು ಆಕೆ ಯೋಚಿಸುತ್ತಿರುವಷ್ಟರಲ್ಲಿ ಅವನ ಕಾರು ಪಾರ್ಕಿಂಗ್ ದಾಟಿ ಫ್ರೀವೇಯ ಕಡೆಗೆ ತಿರುಗಿತ್ತು.