ನಿನ್ನ ಸೊಪ್ಪು, ನಿನ್ನ ತಪ್ಪು

ಬೆರಕೆ ಸೊಪ್ಪು ಬಿಡಿಸುವಾಗ ನನ್ನನ್ನು ಯಾರೂ ಮಾತಾಡಿಸಬಾರದು. ಮಾತಾಡಿಸಿದರೆ ಕಡ್ಡಿ ಪಾತ್ರೆಗೆ ಹೋಗುತ್ತದೆ, ಎಲೆ ಕಸಕ್ಕೆ ಹೋಗುತ್ತದೆ. ಆ ಭಾನುವಾರ ಬೆಳಿಗ್ಗೆ ಉದ್ದನಪಲ್ಲಿಯ ನಮ್ಮ ಮನೆಯ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಕೂತಿದ್ದೆ. ದಂಟು, ಗಣಿಕೆ, ಅಣ್ಣೆ, ಹೆಸರು ಗೊತ್ತಿಲ್ಲದ ಇನ್ನೊಂದೆರಡು, ಎಲ್ಲ ಒಂದೇ ಕಂತೆಯಲ್ಲಿದ್ದವು. ಅಷ್ಟರಲ್ಲಿ ಮಗಳು ಪವಿತ್ರ ಫೋನು ಹಿಡಿದು ಒಳಗಿಂದ ಬಂದಳು. ಕಣ್ಣು ಕೆಂಪಗಿತ್ತು.

"ಅಮ್ಮ, ಶಿರೀಷ ಇನ್ಮೇಲೆ ನಮ್ಮನೆ ಕಡೀಕೆ ಬರಕ್ಕಿಲ್ಲ ಬುಡು," ಎಂದಳು.

ಒಂದು ಹಿಡಿ ಅಣ್ಣೆ ಸೊಪ್ಪು ಸೀದಾ ಕಸಕ್ಕೆ ಹೋಯಿತು.

ಶಿರೀಷ ಹಿಂದಿನ ಬೀದಿಯ ಹುಡುಗಿ. ಒಂದನೇ ಕ್ಲಾಸಿನಿಂದ ಇವಳ ಜೊತೆಗಾತಿ. ಅವರ ಮನೆಯಲ್ಲಿ ತೆಲುಗು, ನಮ್ಮ ಮನೆಯಲ್ಲಿ ಕನ್ನಡ, ಊರು ತಮಿಳು ಸೀಮೆಯ ಗಡಿಯಲ್ಲಿರುವುದರಿಂದ ಇಬ್ಬರೂ ಓದಿದ್ದು ತಮಿಳು ಶಾಲೆ. ಹಾಗಾಗಿ ಇವರಿಬ್ಬರ ಮಾತೂ ನನ್ನ ಮೊರದ ಹಾಗೆಯೇ, ಯಾವ ಎಲೆ ಯಾವ ಗಿಡದ್ದು ಎಂದು ಹೇಳಲಾಗದು. ಮರುದಿನ, ಸೋಮವಾರ, ಶಿರೀಷ ಓದಲು ಕೊಯಮತ್ತೂರಿನ ಹಾಸ್ಟೆಲ್ಲಿಗೆ ಹೊರಡುವವಳಿದ್ದಳು. ಹೊರಡಲು ಎರಡು ದಿನವೂ ಇಲ್ಲದಿರುವಾಗ ಜಗಳ. ಜಗಳಕ್ಕೆ ಕಾರಣ ಒಂದು ಕಂಪ್ಯೂಟರ್ ಆಟ.

ಆಟವೆಂದರೆ ಗೆಲ್ಲುವವರು ಒಬ್ಬರು, ಸೋಲುವವರು ಒಬ್ಬರು ಎಂದುಕೊಂಡಿದ್ದವಳು ನಾನು. ಇದರಲ್ಲಿ ಅದೇನೂ ಇಲ್ಲ. ಯಾವುದೋ ದೇಶದ ಬೆಟ್ಟದೂರು, ಹೈಸ್ಕೂಲು ಓದುವ ಒಬ್ಬ ಹುಡುಗಿ, ಅವಳ ಕೈಯಲ್ಲೊಂದು ಹಳೇ ಗಡಿಯಾರ. ಅದರ ಕೀಲಿ ತಿರುಗಿಸಿದರೆ ಹೊತ್ತು ಹಿಂದಕ್ಕೆ ಹೋಗುತ್ತದೆ. ಆಡಬಾರದ ಮಾತು ಆಡಿಬಿಟ್ಟರೆ ಹಿಂದಕ್ಕೆ ಹೋಗಿ ಬೇರೆ ಮಾತಾಡಬಹುದು. ಏನು ಮಾತಾಡಬೇಕು ಎನ್ನುವುದನ್ನು ಆಡುವವರೇ ಆರಿಸಬೇಕು. ಹೊತ್ತನ್ನು ತಿರುಗಿಸುವುದು ತಿಮ್ಮಪ್ಪನೇ ಕೈಹಾಕದ ಕೆಲಸ, ಮಕ್ಕಳ ಕೈಗೆ ಕೊಡಬಾರದಿತ್ತು ಎಂದು ಮೊದಮೊದಲು ನನಗೆ ಸಿಟ್ಟಿತ್ತು. ಒಂದು ದಿನ ಹಾಲು ಉಕ್ಕಿ ಒಲೆಯೆಲ್ಲ ಚೆಲ್ಲಿದಾಗ, ಆ ಗಡಿಯಾರ ನಮ್ಮಲ್ಲೂ ಒಂದಿದ್ದರೆ ಎಂದು ನಾನೇ ಅಂದುಕೊಂಡೆ. ಸ್ವಾಮಿ ಕೇಳಿಸಿಕೊಂಡಿರಬೇಕು. ಆಮೇಲೆ ವಾರವಿಡೀ ಹಾಲು ಉಕ್ಕಲಿಲ್ಲ.

ಈ ಆಟ ಒಂದೇ ಸಲಕ್ಕೆ ಸಿಗುವುದಿಲ್ಲ. ಟೀವಿ ಧಾರಾವಾಹಿಯ ಹಾಗೆ ಒಂದೊಂದೇ ಕಂತು ಬಿಡುತ್ತಾರೆ. ಹುಡುಗಿ ಬಾಗಿಲು ತೆಗೆಯಲು ಕೈಯೆತ್ತಿದಾಗ ಕಂತು ಮುಗಿಯುತ್ತದೆ, ಬಾಗಿಲು ತೆರೆಯಲು ನಾವು ತಿಂಗಳುಗಟ್ಟಲೆ ಕಾಯಬೇಕು. ಅಷ್ಟು ದಿನವೂ ಇವರಿಬ್ಬರಿಗೆ ಬೇರೆಯವರು ಬರೆದದ್ದನ್ನು ಓದುವುದೇ ಕೆಲಸ. ನಾನು ಅಡುಗೆಮನೆಯಲ್ಲಿದ್ದರೆ ನನಗೂ ಓದಿ ಹೇಳುತ್ತಿದ್ದರು. ಪತ್ರಿಕೆಯವರು ಮೇಷ್ಟ್ರ ಹಾಗೆ ಹತ್ತಕ್ಕೆ ಇಷ್ಟು ಎಂದು ಮಾರ್ಕು ಹಾಕುತ್ತಾರಂತೆ. ಗೆಳತಿಯರ ಸ್ನೇಹ ಮನಸ್ಸಿಗೆ ನಾಟುತ್ತದೆ, ಆದರೆ ಆಟದ ಬೊಂಬೆಗಳ ಬಾಯಿ ಆಡುವುದು ಒಂದು ಕಡೆ, ಮಾತು ಕೇಳುವುದು ಒಂದು ಕಡೆ ಎಂದು ಒಬ್ಬರು ಬರೆದರಂತೆ. ಈ ವಯಸ್ಸಿನ ಮಕ್ಕಳು ಯಾರೂ ಹೀಗೆ ಮಾತಾಡುವುದಿಲ್ಲ ಎಂದು ಇನ್ನೊಬ್ಬರ ತಕರಾರು. ಹಾಗಾದರೆ ಅವರ ಮನೆಯ ಮಕ್ಕಳು ಹೇಗೆ ಮಾತಾಡುತ್ತಾರೋ. ನಮ್ಮಲ್ಲಂತೂ ಊಟಕ್ಕೆ ಕರೆದರೆ 'ಹೂಂ' ಎನ್ನುತ್ತವೆ, ಅಷ್ಟೆ.

ಆಡುವವರದು ಇನ್ನೂ ಚೆಂದ. ಒಬ್ಬ ಪುಣ್ಯಾತ್ಮ ಆಟವನ್ನು ಮೂರು ಸಲ ಪೂರ್ತಿ ಆಡಿ, ಮೂರು ಸಲವೂ ಅತ್ತು, ಕೊನೆಗೆ 'ಚೆನ್ನಾಗಿಲ್ಲ' ಎಂದು ಬರೆದನಂತೆ. ಮದುವೆ ಊಟದಲ್ಲಿ ಮೂರು ಸಲ ಪಾಯಸ ಹಾಕಿಸಿಕೊಂಡು, ಕೈ ತೊಳೆಯುವಾಗ 'ಸಕ್ಕರೆ ಜಾಸ್ತಿಯಾಯಿತು' ಎನ್ನುವ ನೆಂಟರು ನಮಗೂ ಇದ್ದಾರೆ. ನನ್ನ ಅಭಿಪ್ರಾಯವನ್ನೂ ಬರೆಯಿರೇ ಎಂದು ಹೇಳಿದೆ: ಆಟ ಪರವಾಗಿಲ್ಲ, ಆದರೆ ಆ ಊರಲ್ಲಿ ಒಬ್ಬರಾದರೂ ಕೂತು ಊಟ ಮಾಡಿದ್ದನ್ನು ನಾನು ಕಾಣೆ. ಇಬ್ಬರೂ ಬಿದ್ದುಬಿದ್ದು ನಕ್ಕರೇ ಹೊರತು ಬರೆಯಲಿಲ್ಲ.

ಕೊನೆಯ ಕಂತು ಬಂದದ್ದು ಶನಿವಾರ. ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಆಡಲು ಕೂತರು. ಕರೆಂಟು ಹೋಗಲಿಲ್ಲ ಎಂದು ನಾನು ದೇವರಿಗೆ ಒಂದು ನಮಸ್ಕಾರ ಹೆಚ್ಚಿಗೆ ಹಾಕಿದೆ. ಹೋಗಿದ್ದರೇ ಒಳ್ಳೆಯದಿತ್ತೇನೋ. ಆಟದ ಹುಡುಗಿಗೆ ಒಬ್ಬಳು ಗೆಳತಿ. ಅಣ್ಣ ತೀರಿಹೋದ ಮೇಲೆ ಆ ದುಃಖಕ್ಕೆ ಸ್ವಂತ ಊರು ಬಿಟ್ಟು ಈ ಊರಿಗೆ ಬಂದವಳು. ಕಟ್ಟಕಡೆಗೆ ಎರಡೇ ದಾರಿ. ಗಡಿಯಾರವನ್ನು ಆ ಗೆಳತಿಗೆ ಕೊಟ್ಟರೆ ಅವಳು ಹಿಂದಕ್ಕೆ ಹೋಗಿ ಅಣ್ಣನನ್ನು ಉಳಿಸಿಕೊಳ್ಳುತ್ತಾಳೆ. ಆದರೆ ಆಗ ಅವಳು ಈ ಊರಿಗೆ ಬರುವುದೇ ಇಲ್ಲ, ಇವರಿಬ್ಬರೂ ಒಬ್ಬರನ್ನೊಬ್ಬರು ಕಂಡೇ ಇರುವುದಿಲ್ಲ. ಕೆರೆಗೆ ಎಸೆದರೆ ಸ್ನೇಹ ಉಳಿಯುತ್ತದೆ, ಅಣ್ಣ ಉಳಿಯುವುದಿಲ್ಲ. ಮೌಸು ಪವಿತ್ರಳ ಕೈಯಲ್ಲಿತ್ತು. ಶಿರೀಷ 'ಎಸಿ' ಎನ್ನುವಷ್ಟರಲ್ಲಿ ಇವಳು 'ಕೊಡು' ಒತ್ತಿಬಿಟ್ಟಳು.

ಲೋಕದ ಆಟಗಾರರೆಲ್ಲ ಇದೇ ಕೊನೆಗಾಗಿ ಆ ಕಂಪನಿಯವರನ್ನು ಬೈಯುತ್ತಿದ್ದರಂತೆ. ಇಷ್ಟು ಕಂತು ಕಾಯಿಸಿ ಕೊನೆಗೆ ಎರಡು ಗುಂಡಿ ತೋರಿಸಿದಿರಾ ಎಂದು. ಶಿರೀಷ ಕಂಪನಿಯವರನ್ನು ಬೈಯಲಿಲ್ಲ. "ನಾನು ಊರು ಬುಟ್ಟು ಹೋಗೋದು ನಿಂಗೆ ಅಷ್ಟು ಸಲೀಸಾ?" ಎಂದು ನನ್ನ ಮಗಳನ್ನೇ ಕೇಳಿ, ಚಪ್ಪಲಿ ಮೆಟ್ಟಿಕೊಂಡು ಹೋದಳು. ನಾನು ಕೊಟ್ಟ ಕಾಫಿ ಅಲ್ಲೇ ಆರಿತು.

ಭಾನುವಾರ ಬೆಳಿಗ್ಗೆ ಪವಿತ್ರ ನನಗೆ ತೋರಿಸಿದ್ದು ಶಿರೀಷಳ ಮೆಸೇಜು. ಇಂಗ್ಲಿಷ್ ಅಕ್ಷರದಲ್ಲಿ ಎರಡೇ ಮಾತು, 'ನಿನ್ನ ತಪ್ಪು'. ಪಕ್ಕದಲ್ಲಿ ಕೈಮುಗಿದ ಒಂದು ಬೊಂಬೆ. ನಿನಗೊಂದು ದೊಡ್ಡ ನಮಸ್ಕಾರ, ಸಾಕು ನಿನ್ನ ಸಹವಾಸ ಎಂದೇ ಅದರ ಅರ್ಥವೆಂದು ನನಗೂ ಅನ್ನಿಸಿತು. ಸಿಟ್ಟೂ ಬಂತು. ಏಕೆಂದರೆ ಆ ದಿನ ಶಿರೀಷಳ ಬ್ಯಾಗು ನಮ್ಮ ಮನೆಗೆ ಬರಬೇಕಿತ್ತು. ಸೋಮವಾರ ಅವಳು ಬಸ್ಸಿಗೆ ಹೊರಡುವ ಹೊತ್ತಿಗೆ ರಾಹುಕಾಲ. ಅದಕ್ಕೆ ನಮ್ಮಲ್ಲಿ ಉಪಾಯವಿದೆ. ಹಿಂದಿನ ದಿನವೇ ಒಳ್ಳೆ ಗಳಿಗೆ ನೋಡಿ ಗಂಟುಮೂಟೆಯನ್ನು ಬೇಕಾದವರ ಮನೆಯಲ್ಲಿ ಇಟ್ಟುಬಂದರೆ ಪ್ರಯಾಣ ಆಗಲೇ ಹೊರಟ ಲೆಕ್ಕ. ಆಮೇಲೆ ರಾಹು ಏನು ಮಾಡಿಯಾನು? ಕೀಲಿ ಗಡಿಯಾರವಿಲ್ಲದೆ ಹೊತ್ತನ್ನು ಹಿಂದೆಮುಂದೆ ಮಾಡುವುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಆಟ ಮಾಡಿದವರು ಒಮ್ಮೆ ಕೇಳಿದ್ದರೆ ಹೇಳುತ್ತಿದ್ದೆವು. ಬ್ಯಾಗಿಡಲು ನಮ್ಮ ಮನೆಯೇ ಆಗಬೇಕೆಂದು ಹಟ ಹಿಡಿದವಳು ಶಿರೀಷಳೇ. ಇನ್ನು ಆ ಬ್ಯಾಗು ಎಲ್ಲಿ ಬಂದೀತು?

"ಏನಂತ ಬರೆದೆಯೇ ಅವ್ಳಿಗೆ?" ಎಂದೆ.

"'ನಿನ್ನದೇ' ಅಂತ ಹಾಕಿವ್ನಿ. ತಪ್ಪು ಅವ್ಳದೇ ತಾನೆ?"

ಪವಿತ್ರ ಒಳಗೆ ಹೋದಳು. ನಾನು ಮತ್ತೆ ಸೊಪ್ಪಿಗೆ ಕೈ ಹಾಕಿದೆ. ದಂಟಿನ ಎಲೆಗಳು ಬಾಡಿ ಜೋಲು ಬಿದ್ದಿದ್ದವು. ಸೊಪ್ಪು ಮಾರುವ ಮುನಿಯಮ್ಮನನ್ನು ಬೈದುಕೊಳ್ಳೋಣವೆಂದರೆ ಅವಳು ಮೊದಲೇ ಹೇಳಿಬಿಟ್ಟಿದ್ದಳು, "ಇದಿ ನಿನ್ನ ಆಕಮ್ಮಾ" ಎಂದು. ತೆಲುಗಿನವಳು, ಸೊಪ್ಪಿಗೆ ಆಕು ಎನ್ನುತ್ತಾಳೆ. ನನ್ನ ಸೊಪ್ಪಾದರೆ ನಾನೇಕೆ ದುಡ್ಡು ಕೊಡಲಿ ಎಂದು ನಾನು ಯಾವಾಗಲೂ ಅವಳನ್ನು ರೇಗಿಸುವುದುಂಟು. ಬೇರಿಕೆ ಎಂಬ ಊರಿನ ನನ್ನ ತವರಿನಲ್ಲಿ ಅಕ್ಕಪಕ್ಕವೆಲ್ಲ ತೆಲುಗೇ, ಹಾಗಾಗಿ ನನಗೆ ಗೊತ್ತು. ತೆಲುಗಿನಲ್ಲಿ 'ನಿನ್ನ' ಎಂದರೆ ನಿನ್ನೆ. ನಿನ್ನೆ ಕಿತ್ತ ಸೊಪ್ಪು.

ದಂಟು ಕೈಯಲ್ಲೇ ಉಳಿಯಿತು. ಶಿರೀಷ ಬರೆದದ್ದೂ ತೆಲುಗೇ: ನಿನ್ನೆ ತಪ್ಪಾಯಿತು. ಕೈಮುಗಿದ ಬೊಂಬೆ. ಅಯ್ಯೋ ತಿಮ್ಮಪ್ಪ, ಆ ಮಗು ಕ್ಷಮೆ ಕೇಳಿದೆ, ನನ್ನ ಮಗಳು 'ಹೌದು, ತಪ್ಪು ನಿನ್ನದೇ' ಎಂದು ಮುಖಕ್ಕೆ ಹೊಡೆದ ಹಾಗೆ ಬರೆದಿದ್ದಾಳೆ.

ಕೂಗಿ ಕರೆದೆ. ಹೇಳಿದೆ. ಪವಿತ್ರಳ ಮುಖ ದಂಟಿನೆಲೆಯ ಹಾಗಾಯಿತು. ಅಳಿಸಿಹಾಕೇ ಎಂದರೆ, ಅವಳು ಆಗಲೇ ಓದಿದ್ದಾಳೆ, ಎರಡು ನೀಲಿ ಗೀಟು ಬಂದಿದೆ ಎಂದಳು. ಫೋನು ಮಾಡಿದರೆ ಎತ್ತುವವರಿಲ್ಲ. ಅವರ ಮನೆಗೆ ಹೋಗು ಎಂದರೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಕಂಬ ಹಿಡಿದು ನಿಂತಳು. ನಾನೇ ಹೋಗೋಣವೆಂದು ಸೆರಗಿಗೆ ಕೈ ಒರೆಸಿಕೊಂಡು ಎದ್ದೆ.

ಆಗ ಗೇಟು ಸದ್ದಾಯಿತು. ಶಿರೀಷ ಬರುತ್ತಿದ್ದಳು. ಮೊದಲು ಬ್ಯಾಗು ಕಂಡಿತು, ಅದರ ಹಿಂದೆ ಅವಳು. ಅಷ್ಟು ದೊಡ್ಡ ಬ್ಯಾಗು. ಮುಖ ತುಂಬ ನಗು.

"ಲೇಟಾಯ್ತು ಆಂಟಿ, ತಲೆಗೆ ನೀರು ಹಾಕ್ಕೊಂತಿದ್ದೆ. ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ. ಬೆಳಿಗ್ಗೆ ಇವ್ಳು 'ನಿನ್ನದೇ' ಅಂತ ಹಾಕಿದ್ಳಲ್ಲ, ಅದು ನೋಡಿದ್ಮೇಲೆ ಇಡ್ಲಿ ಗಂಟಲಲ್ಲಿ ಇಳೀತು."

ಆ ಮಾತನ್ನೂ ತೆಲುಗಿಗೆ ತಿರುಗಿಸಿ ನೋಡಿದೆ. ತೆಲುಗಿನಲ್ಲಿ 'ನಿನ್ನದೇ' ಎಂದರೆ ಅದು ನಿನ್ನೆಯದು, ಅಷ್ಟೇ. ಮುಗಿದ ಮಾತು, ಬಿಡು. ನನ್ನ ಮಗಳು ಎಸೆದ ಕಲ್ಲು ಹಿಂದಿನ ಬೀದಿಗೆ ಹೋಗುವಷ್ಟರಲ್ಲಿ ಹೂವಾಗಿತ್ತು.

ಪವಿತ್ರ ಬಾಯಿ ತೆರೆದಳು. ನಿಜ ಹೇಳುವವಳೇ ಅವಳು, ಆ ಗುಣ ಅವರಪ್ಪನದು. ಆ ಆಟದಲ್ಲಿ ತೋರಿಸುವ ಹಾಗೆ ನನ್ನ ಕಣ್ಣೆದುರಿಗೂ ಎರಡು ದಾರಿ ಬಂದು ನಿಂತವು. ಹೇಳಲು ಬಿಡುವುದು, ಬಿಡದಿರುವುದು. ನಾನು ಹೆಚ್ಚು ಯೋಚಿಸಲಿಲ್ಲ.

"ಪವಿ, ಬ್ಯಾಗು ಒಳಗಿಡು. ದೇವ್ರ ಮನೆ ಪಕ್ಕದಾಗೆ," ಎಂದೆ.

ನಿಜವನ್ನು ಅವಳು ಕೊಯಮತ್ತೂರಿಗೆ ಫೋನು ಮಾಡಿ ಹೇಳಲಿ. ಅದು ಹೇಗೂ ನಾಳೆಗೂ ಕೆಡುವುದಿಲ್ಲ.

ಇಬ್ಬರೂ ಒಳಗೆ ಹೋಗಿ ಆ ಕೊನೆಯ ಕಂತನ್ನೇ ಮತ್ತೆ ಹಾಕಿಕೊಂಡರು. ಈ ಸಲ ಮೌಸು ಶಿರೀಷಳ ಕೈಗೆ. ಸ್ವಲ್ಪ ಹೊತ್ತಿಗೆಲ್ಲ ಗಲಾಟೆ ಶುರುವಾಯಿತು, ಮೂರು ಭಾಷೆಯಲ್ಲೂ. ಬಗ್ಗಿ ನೋಡಿದರೆ, 'ಎಸಿ, ಎಸಿ' ಎಂದು ಪವಿತ್ರ ಗೋಗರೆಯುತ್ತಿದ್ದಾಳೆ. ಶಿರೀಷ ಆಗಲೇ ಗಡಿಯಾರ ಕೊಟ್ಟಾಗಿದೆ. ಅಣ್ಣ ಪಾಪ ಅಲ್ಲವಾ ಎನ್ನುತ್ತಿದ್ದಾಳೆ. ಪತ್ರಿಕೆಯವರು ಇದಕ್ಕೆಷ್ಟು ಮಾರ್ಕು ಕೊಡುತ್ತಿದ್ದರೋ. ನಾನಾದರೆ ಹತ್ತಕ್ಕೆ ಹತ್ತು ಕೊಟ್ಟು, ಊಟಕ್ಕೆ ಕೂರಿಸಿದ್ದರೆ ಇನ್ನೊಂದು ಕೊಡುತ್ತಿದ್ದೆ.

ಕಸದೊಳಗಿಂದ ಅಣ್ಣೆ ಸೊಪ್ಪನ್ನು ಆರಿಸಿ ತೆಗೆದು ತೊಳೆದೆ. ಬೇಳೆ ಬೆಂದಿತ್ತು, ಮೊರದಲ್ಲಿದ್ದುದನ್ನೆಲ್ಲ ಅದಕ್ಕೆ ಸುರಿದೆ. ಬೆಂದ ಮೇಲೆ ಯಾವುದು ಇವತ್ತಿನದು, ಯಾವುದು ನಿನ್ನೆಯದು ಎಂದು ಯಾರು ಕೇಳುತ್ತಾರೆ? ಊಟಕ್ಕೆ ಶಿರೀಷಳೂ ಇರುತ್ತಾಳಲ್ಲ ಎಂದು ಇನ್ನೆರಡು ಮುದ್ದೆಗಾಗುವಷ್ಟು ಹೆಚ್ಚಿಗೆ ಎಸರಿಟ್ಟೆ.