ರೇಡಿಯೋ ಪಕ್ಕದ ಮರದ ಗಾಡಿ

ಸ್ನೇಹಿತರೇ, ಇವತ್ತು ನನ್ನ ಕೈಕೆಲಸಕ್ಕೆ ಸಿಕ್ಕ ಮರ್ಯಾದೆ ಕೇಳಿ. ದೇವರಾಯಸಮುದ್ರದ ಆರು ವರ್ಷದ ಮಂಜುಳಾಗೆ ಪೋಲಿಯೋದಿಂದ ಬೆರಳು ಮಡಚಲಾಗದು. ಮುಂಗೈ ತೂರಿಸಿ ಎಳೆಯಲೆಂದು ಹಗ್ಗದ ತುದಿಗೆ ಮರದ ಬಳೆ ಕಟ್ಟಿ, ಹೋದ ವಾರ ಒಂದು ಪುಟ್ಟ ಗಾಡಿ ಮಾಡಿಕೊಟ್ಟಿದ್ದೆ.

ಇವತ್ತು ಅವರ ಮನೆಗೆ ಹೋಗಿ ನೋಡಿದರೆ ಗಾಡಿ ಗೋಡೆಯ ಹಲಗೆಯ ಮೇಲೆ, ರೇಡಿಯೋ ಪಕ್ಕ, ಕುಂಕುಮ ಇಟ್ಟುಕೊಂಡು ಕೂತಿದೆ! ಮಗು ನೆಲದಲ್ಲಿ ಕೂತು ಅದನ್ನೇ ನೋಡುತ್ತಿದೆ.

"ಆಡಿದ್ರೆ ಬಣ್ಣ ಹೊಂಟೋಗ್ತದೆ ಸಾರ್," ಅಂದರು ತಾಯಿ. "ಇವಳಿಗೇ ಅಂತ ಇದುವರ್ಗೂ ಯಾರೂ ಏನೂ ಮಾಡ್ಕೊಟ್ಟಿಲ್ಲ. ಬಂದೋರ್ಗೆಲ್ಲ ತೋರಿಸ್ತೀನಿ."

ರೇಗಲು ಹೋದವನು ತಣ್ಣಗಾದೆ. "ಹಾಳಾದ್ರೆ ಇನ್ನೊಂದು ಮಾಡ್ಕೊಡ್ತೀನಿ, ಇಳಿಸಮ್ಮಾ," ಅಂದೆ.

ಬಳೆ ಸರಿಹೋಗಲೆಂದು ಅವಳ ಕೈಯನ್ನು ನಾಲ್ಕು ಸಲ ಅಳೆದಿದ್ದೆ. ಅವಳಿಗೆ ಎಟುಕದ ಆ ಹಲಗೆಯ ಎತ್ತರ ಅಳೆಯಲು ಮಾತ್ರ ನನಗೆ ಹೊಳೆಯಲೇ ಇಲ್ಲ.