ಅಣ್ಣನ ಸನ್ಮಾನ, ಅವ್ವನ ಫೋಟೊ

ನಮ್ಮಣ್ಣ ಶಂಕರೆಪ್ಪನನ್ನು ವಿಜಯಪುರದ ಸ್ಟೇಷನ್ ರಸ್ತೆಯಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಸ್ಟೀಲ್ ಪಾತ್ರೆಗಳ ಅಂಗಡಿ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಾಯಿ ತೆರೆದರೆ ಮನೆತನದ ಮಾತು. ಐವತ್ತು ವರ್ಷ ಆ ಮನೆತನದಲ್ಲಿ ನಾಟಕದ ಹೆಸರು ಎತ್ತುವಂತಿರಲಿಲ್ಲ. ಹೋದ ವರ್ಷ ಒಮ್ಮಿಂದೊಮ್ಮೆಲೆ ನಾವು ಕಲಾವಿದರ ಮನೆತನದವರೆಂದು ಅವನಿಗೆ ನೆನಪಾಯಿತು.

ನೆನಪಿಗೆ ಕಾರಣವಿತ್ತು. ನಿವೃತ್ತ ಮಾಸ್ತರರು, ಇಬ್ಬರು ವಕೀಲರು, ಒಬ್ಬ ಹಲ್ಲಿನ ಡಾಕ್ಟರು ಬಳಗ ಕಟ್ಟಿಕೊಂಡು 'ರಾಣಿ ಹೊನ್ನಮಾಲೆ' ಎಂಬ ಹಳೆಯ ಹಾಡಿನ ನಾಟಕವನ್ನು ಮತ್ತೆ ಆಡಲು ಹೊರಟಿದ್ದರು. ಅರವತ್ತು ವರ್ಷದ ಹಿಂದೆ ತಿಕೋಟಾ, ಬಬಲೇಶ್ವರದ ಸುತ್ತಮುತ್ತ ಹೆಸರು ಮಾಡಿದ ಆಟವಂತೆ. ಡಾಕ್ಟರು ರಾಜನ ಪಾತ್ರ ಹಿಡಿದರು. ಅವರ ಆಲಾಪ ಕೇಳಿದವರಿಗೆ ಹಲ್ಲುನೋವು ಯಾರಿಗೆಂಬ ಅನುಮಾನ ಬರುತ್ತಿತ್ತು.

ಆ ನಾಟಕದಲ್ಲಿ ನಮ್ಮಪ್ಪ ಸಿದ್ದರಾಮಪ್ಪನೂ ಇದ್ದನೆಂದು ಅಣ್ಣ ಹೇಳತೊಡಗಿದ. ಏನು ಪಾತ್ರ ಎಂದು ಕೇಳಿದರೆ "ಮುಖ್ಯ ಪಾತ್ರ" ಎಂದು ಮುಗಿಸುತ್ತಿದ್ದ. ಮೊದಲ ತಾಲೀಮಿನ ದಿನ ಅವನು ಹೇಳಿದಾಗ ಅಪ್ಪನ ಹಾಡಿಗೆ ಮೂರು ಸಲ ಒನ್ಸ್ ಮೋರ್ ಬಿದ್ದಿತ್ತು. ಚಹ ಬರುವುದರೊಳಗೆ ಅದು ಏಳಾಯಿತು. ವಾರ ಕಳೆಯುವಷ್ಟರಲ್ಲಿ ಅಪ್ಪನ ಹಾಡು ಕೇಳಲು ತೊರವಿಯಿಂದ ಬಂಡಿ ಸಾಲುಗಟ್ಟಿದ್ದವು. ನನಗೆ ನೆನಪಿರುವ ಅಪ್ಪ ನಮ್ಮೂರು ಬಿಜ್ಜರಗಿಯ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೆಮ್ಮುತ್ತಿದ್ದ. ನನಗೆ ಏಳು ತುಂಬುವಷ್ಟರಲ್ಲಿ ಅವನೂ ಹೋದ.

ಅವ್ವ ಮುದುಕವ್ವ ಅದಕ್ಕೂ ಮೊದಲೇ, ನಾನು ಮೊಲೆ ಕುಡಿಯುವ ಕೂಸಾಗಿದ್ದಾಗಲೇ ತೀರಿಕೊಂಡಿದ್ದಳು. ಅಣ್ಣನಿಗೆ ಆಗ ಒಂಬತ್ತು. ನನ್ನ ಎಂಟನೆಯ ವರ್ಷದಲ್ಲಿ ಅಪ್ಪನ ಟ್ರಂಕಿನ ತಳದಲ್ಲಿ ಒಂದು ಫೋಟೊ ಸಿಕ್ಕಿತು. ಜರಿ ಸೀರೆ, ದೊಡ್ಡ ನತ್ತು, ಬಲಗೈಯಲ್ಲಿ ಹೂ ಹಿಡಿದು ನಿಂತ ಚೆಲುವೆ. ಯಾರು ಇವಳು ಎಂದೆ. ಅಣ್ಣ ಫೋಟೊವನ್ನೂ ನನ್ನನ್ನೂ ನೋಡಿ, ಅವ್ವ ಎಂದ. ಅವತ್ತು ನಾನು ಊಟ ಮಾಡಲಿಲ್ಲ.

ಆ ಫೋಟೊ ನಮ್ಮ ಸಂಗಡ ವಿಜಯಪುರಕ್ಕೆ ಬಂದು ದೇವರ ಮನೆ ಸೇರಿತು. ಕನ್ನಡಿ ಮುಂದೆ ನಿಂತು ನನಗೆ ಅವ್ವನ ಮೂಗು ಬಂದಿದೆ ಎಂದು ಬೀಗಿದವಳು ನಾನು. ಅಣ್ಣನ ಹೆಂಡತಿ ಮುರಿಗೆವ್ವ ವೈನಿ ಮೂವತ್ತೆಂಟು ವರ್ಷ ದಿನಾ ಅದಕ್ಕೆ ಕುಂಕುಮ ಹಚ್ಚಿ, ಗಂಡನ ಮೇಲಿನ ದೂರನ್ನೆಲ್ಲ ಅತ್ತೆಗೆ ಒಪ್ಪಿಸಿದಳು. ಊರ ಕಡೆಯ ಮುದುಕರು ಬಂದರೆ ಅಣ್ಣ ಪಡಸಾಲೆಯಲ್ಲೇ ಚಹ ಕುಡಿಸಿ ಸಾಗಹಾಕುತ್ತಿದ್ದ. ಪಾಪ, ಮಡಿ ಬಹಳ ಎಂದುಕೊಂಡಿದ್ದೆವು.

ಹಳೆಯ ಕಲಾವಿದರ ಫೋಟೊ ಕೊಟ್ಟ ಮನೆತನಕ್ಕೆ ವೇದಿಕೆಯ ಮೇಲೆ ಶಾಲು ಹೊದಿಸಿ ಸನ್ಮಾನವೆಂದು ಬಳಗದವರು ಸಾರಿದರು. ಮರುದಿನವೇ ಅವ್ವನ ಫೋಟೊ ಮಾಯ. ಹೊಸ ಕಟ್ಟು ಹಾಕಿಸಲು ಕೊಟ್ಟಿದ್ದೇನೆ ಎಂದ ಅಣ್ಣ.

ಆಟದ ದಿನ ಭಾನುವಾರ ಸಂಜೆ ನಾನೂ ವೈನಿಯೂ ರಂಗಮಂದಿರದ ಬಾಗಿಲಿಗೆ ಹೋದೆವು. ಆಳೆತ್ತರದ ಬ್ಯಾನರಿನಲ್ಲಿ ಅವ್ವ ನಿಂತಿದ್ದಳು. ಕೆಳಗೆ ದಪ್ಪಕ್ಷರದಲ್ಲಿ: 'ರಾಣಿ ಹೊನ್ನಮಾಲೆಯಾಗಿ ಮೆರೆದ ಸ್ತ್ರೀಪಾತ್ರಧಾರಿ, ದಿವಂಗತ ಸಿದ್ದರಾಮಪ್ಪ ಬಿಜ್ಜರಗಿ.'

ವೈನಿ ಎರಡು ಸಲ ಓದಿ, ಸೆರಗು ತಲೆ ಮೇಲೆ ಎಳೆದುಕೊಂಡಳು.

"ಯವ್ವಾ, ಮಾವನ ಮುಂದ ನಾ ಏನೇನ ಹೇಳೀನಿ" ಎಂದಳು.

ಹಳೆಯ ರೀತಿಯಲ್ಲಿ ಬಣ್ಣ ಹಚ್ಚಲೆಂದು, ಆಗಿನ ಆಟದಲ್ಲೂ ಬಣ್ಣ ಹಚ್ಚಿದ್ದ, ಎಂಬತ್ತೈದು ದಾಟಿದ ಮೆಹಬೂಬ ಕಾಕಾನನ್ನು ಬಳಗದವರು ಕರೆಸಿದ್ದರು. ಅವನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ. ನನ್ನನ್ನು ನೋಡಿದವನೇ ಕೈಮಾಡಿ ಕರೆದ.

"ಸಿದ್ದರಾಮನ ಮಗಳಲ್ಲೇನವ್ವಾ? ಮೂಗ ಹೇಳತೈತಿ."

ಐವತ್ತು ವರ್ಷ ನಾನು ಹೊತ್ತು ತಿರುಗಿದ ಅವ್ವನ ಮೂಗು ಹಾಗೆ ಹೋಯಿತು. ನಮ್ಮವ್ವನನ್ನು ನೋಡಿದ್ದೀಯಾ ಎಂದು ಕೇಳಿದೆ. ಆಗ ಹೆಣ್ಣುಮಕ್ಕಳು ಆಟಕ್ಕೆಲ್ಲಿ ಬರುತ್ತಿದ್ದರು, ನಾನು ಕಂಡಿಲ್ಲ ಎಂದ. ಊರ ಕಡೆಯ ಆ ಮುದುಕರೆಲ್ಲ ತೀರಿಹೋಗಿದ್ದರು. ಲೆಕ್ಕ ಹಾಕಿದರೆ ಅವ್ವನ ಮುಖ ಕಂಡವರಲ್ಲಿ ಬದುಕಿದ್ದವನು ಒಬ್ಬನೇ, ಒಳಗೆ ಶಾಲು ಹೊದ್ದುಕೊಳ್ಳುತ್ತಿದ್ದ ನಮ್ಮಣ್ಣ.

ಅವನ ಭಾಷಣ ಹೊರಗಿನವರೆಗೂ ಕೇಳಿಸಿತು. ಕಲೆ ನಮ್ಮ ರಕ್ತದಲ್ಲಿದೆ, ಅಪ್ಪನ ಹೆಸರು ಹೇಳಿಕೊಳ್ಳಲು ಎದೆಯುಬ್ಬುತ್ತದೆ ಎಂದ. ಚಪ್ಪಾಳೆ ಬಿದ್ದವು. ಅವನು ಕೆಳಗಿಳಿದದ್ದೇ ತಡ, ಶಾಲಿನ ಸಮೇತ ಬಣ್ಣದ ಕೋಣೆಗೆ ಎಳೆದುಕೊಂಡು ಹೋದೆ.

ಅಲ್ಲಿ ನಾನು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಕಿರೀಟ ಸರಿಮಾಡಿಕೊಳ್ಳುತ್ತಿದ್ದ ಡಾಕ್ಟರು ಎದ್ದು ಹೊರಗೆ ಹೋದರು. ಅಣ್ಣ ನೆಲ ನೋಡುತ್ತಲೇ ಬಾಯಿಬಿಟ್ಟ. ಸಾಲಿಯ ಹುಡುಗರು ಅವನನ್ನು ಹೊನ್ನಮಾಲಿಯ ಮಗನೆಂದು ಕರೆದು, ಅಂಗಿಗೆ ಸೆರಗು ಕಟ್ಟಿ ಕುಣಿಸುತ್ತಿದ್ದರಂತೆ. ಅದಕ್ಕೇ ಅವನು ಐದನೆಯ ಇಯತ್ತೆಗೆ ಸಾಲಿ ಬಿಟ್ಟದ್ದು ಎಂದು ಅವತ್ತು ತಿಳಿಯಿತು.

"ನೀ ಯಾರಂತ ಕೇಳಿದಿ. ಅಪ್ಪ ಅನ್ನಾಕ ನಾಚಿಕಿ ಬಂತು. ಅವ್ವ ಅಂದೆ. ನೀ ಅಷ್ಟು ಅತ್ತಿ, ಆಮ್ಯಾಲ ಅಲ್ಲ ಅನ್ನಾಕ ಆಗಲಿಲ್ಲ."

ಸಿಟ್ಟು ಪೂರ್ತಿ ಇಳಿಯಲಿಲ್ಲ, ಆದರೆ ನನಗೆ ಬೇಕಾದದ್ದು ಬೇರೆ ಇತ್ತು. "ಹೋಗಲಿ ಬಿಡು ಯಣ್ಣಾ. ಅವ್ವ ಹೆಂಗಿದ್ದಳು, ಅಷ್ಟು ಹೇಳು" ಎಂದೆ.

ಅದೇನು ಕಷ್ಟ ಎನ್ನುವವನ ಹಾಗೆ ಕಣ್ಣು ಮುಚ್ಚಿದ. "ಎತ್ತರ ಇದ್ದಳು. ಮೂಗ ನೀಟ, ಮೂಗಿನಾಗ ನತ್ತು" ಎಂದು ಶುರುಮಾಡಿದ.

ಅದು ಅಪ್ಪ ಎಂದೆ.

ತಲೆ ಕೊಡವಿ ಮತ್ತೆ ಮೊದಲಿನಿಂದ ಹಿಡಿದ. ಜರಿ ಸೀರೆ ಎಂದ. ಬಲಗೈ ಎತ್ತಿ, ಹೂ ಹಿಡಿದವರಂತೆ ಬೆರಳು ಕೂಡಿಸಿದ. ಬೆರಳು ಹಾಗೆಯೇ ನಿಂತವು. ಹೊರಗೆ ಹಾರ್ಮೋನಿಯಂ ಪೇಟಿ ಶುರುವಾಗಿ ಪರದೆ ಎದ್ದರೂ ಅವನು ಕಣ್ಣು ತೆರೆಯಲಿಲ್ಲ. ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ಇಲ್ಲ ಚಂದ್ರಿ" ಎಂದ. "ಹೆಂಗ ನೋಡಿದರೂ ಅದ ಫೋಟೊ ಬರತೈತಿ. ಅವ್ವ ಬರವಲ್ಲಳು."